7 ಲಕ್ಷಕ್ಕೆ ಸಿಗುವ ಸ್ಪೋರ್ಟ್ಸ್ ಬೈಕ್: ಸಾಕೋಕೆ ವರ್ಷಕ್ಕೆ ಎಷ್ಟು ಬೇಕು?

ಪ್ರಶ್ನೆ: "ಅಣ್ಣಾರ, ನಮ್ಮೂರು ಹುಬ್ಬಳ್ಳಿ. ಈಗ ಪುಣೆಯ ಹಿಂಜೇವಾಡಿಯಾಗ ಕೆಲಸ. 2019ರ ಕವಾಸಾಕಿ ಝಡ್‌ಎಕ್ಸ್-6ಆರ್ ಒಂದು 7 ಲಕ್ಷಕ್ಕ ಸಿಗಾಕತ್ತೈತಿ. 19,000 ಕಿಲೋಮೀಟರ್ ಓಡೈತಿ. ತಗೊಳ್ಳಾಕ ರೊಕ್ಕ ಐತಿ, ಆದ್ರ ಸಾಕಾಕ ವರ್ಷಕ್ಕ ಎಷ್ಟು ಬೀಳತೈತ್ರಿ?"

ಮೊದಲು ಸಂಖ್ಯೆ ಹೇಳಿಬಿಡುತ್ತೇನೆ. ವರ್ಷಕ್ಕೆ 6,000 ಕಿ.ಮೀ. ಓಡಿಸುತ್ತೀರಿ ಅಂತ ಇಟ್ಟುಕೊಳ್ಳಿ. ಪೆಟ್ರೋಲ್ ಬಿಟ್ಟು 70ರಿಂದ 75 ಸಾವಿರ ರೂಪಾಯಿ. ಪೆಟ್ರೋಲ್ ಸೇರಿಸಿದರೆ ಒಂದು ಲಕ್ಷ ದಾಟುತ್ತದೆ. ಇದು ನನ್ನ ಬಿಲ್ಲುಗಳನ್ನೂ ಪುಣೆಯಲ್ಲೇ ಇಂಥ ನಾಲ್ಕು ಸಿಲಿಂಡರ್ ಗಾಡಿ ಇಟ್ಟುಕೊಂಡ ಗೆಳೆಯರ ಬಿಲ್ಲುಗಳನ್ನೂ ಸೇರಿಸಿ ತೆಗೆದ ಅಂದಾಜು. ನಿಮ್ಮ ಕೈ, ನಿಮ್ಮ ರಸ್ತೆ ನೋಡಿಕೊಂಡು ಹತ್ತು ಸಾವಿರ ಆಚೆ ಈಚೆ ಆಗಬಹುದು.

ಸಾಮಾನ್ಯವಾಗಿ ಎಲ್ಲರೂ ಕೇಳೋದು "ಸರ್ವಿಸ್‌ಗೆ ಎಷ್ಟಾಗುತ್ತೆ" ಅಂತ. ವರ್ಷದ ಸರ್ವಿಸ್‌ಗೆ 11,000 ಆಸುಪಾಸು. ನಾಲ್ಕು ಲೀಟರಿನಷ್ಟು ಫುಲ್ ಸಿಂಥೆಟಿಕ್ ಆಯಿಲ್, ಫಿಲ್ಟರ್, ಕೂಲಿ, ಮೇಲೆ ಜಿಎಸ್‌ಟಿ. ಆಯಿಲ್ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕಿನ ಕ್ಲಚ್‌ಗೆ ಹೊಂದುವ ಆಯಿಲ್ ಅನ್ನೋ ಗುರುತು) ಅಂತ ಇರಲೇಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಲು ಶುರುವಾಗಬಹುದು, ಯಾಕಂದ್ರೆ ಈ ಗಾಡಿಗಳಲ್ಲಿ ಕ್ಲಚ್ ಪ್ಲೇಟುಗಳು ಅದೇ ಆಯಿಲ್ಲಿನಲ್ಲಿ ಮುಳುಗಿರುತ್ತವೆ. ಸರ್ವಿಸ್ ಖರ್ಚು ಇಷ್ಟೇ. ಒಟ್ಟು ಲೆಕ್ಕದಲ್ಲಿ ಇದು ಆರನೇ ಒಂದು ಪಾಲೂ ಅಲ್ಲ.

ನಿಜವಾಗಿ ದುಡ್ಡು ತಿನ್ನೋದು ಟೈರು. ನೀವು ನೋಡಿರುವ ಗಾಡಿಗೆ ಹಿಂದೆ 180/55, ಮುಂದೆ 120/70, ಎರಡೂ 17 ಇಂಚಿನ ರೇಡಿಯಲ್. ಮೂಲೆಯಲ್ಲಿ ಗಾಡಿ ಮಲಗಿಸಿದಾಗ ರಸ್ತೆ ಹಿಡಿಯಲಿ ಅಂತ ಈ ಟೈರುಗಳ ರಬ್ಬರು ಮೆತ್ತಗಿರುತ್ತದೆ. ಮೆತ್ತಗಿದ್ದದ್ದು ಬೇಗ ಸವೆಯುತ್ತದೆ. ನನಗೆ ಹಿಂದಿನ ಟೈರು 7,000 ಕಿ.ಮೀ. ಬಂದರೆ ಹೆಚ್ಚು. ಬೆಲೆ 20,000 ಹತ್ತಿರ. ಮುಂದಿನದು 15,000, ಅದು 11,000 ಕಿ.ಮೀ. ತನಕ ಬರುತ್ತದೆ. ಭಾಗಿಸಿ ನೋಡಿ, ಎರಡೂ ಸೇರಿ ಪ್ರತಿ ಕಿಲೋಮೀಟರಿಗೆ 4 ರೂಪಾಯಿಗೂ ಜಾಸ್ತಿ. ಲೀಟರಿಗೆ 45 ಕೊಡುವ ಸ್ಕೂಟರಿನ ಪೆಟ್ರೋಲ್ ಖರ್ಚು ಕಿಲೋಮೀಟರಿಗೆ 2 ರೂಪಾಯಿ 30 ಪೈಸೆ ಅಷ್ಟೇ. ಅಂದರೆ ಈ ಗಾಡಿಯ ಟೈರು ಸವೆಯೋ ಖರ್ಚೇ ಸ್ಕೂಟರಿನ ಪೆಟ್ರೋಲಿನ ಹೆಚ್ಚುಕಡಿಮೆ ಎರಡು ಪಟ್ಟು. ವರ್ಷಕ್ಕೆ 25,000.

ನೀವು ಊರಿಗೆ ಇದರಲ್ಲೇ ಹೋಗ್ತೀರಿ ಅಂತ ನನ್ನ ಊಹೆ. ಖಂಬಾಟ್ಕಿ ಘಾಟಿ ದಾಟಿ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ. ರಸ್ತೆ ಹೆಚ್ಚಾಗಿ ನೇರ, ಹಾಗಾಗಿ ಟೈರಿನ ನಡುಭಾಗ ಮಾತ್ರ ಸವೆದು ಚಪ್ಪಟೆಯಾಗುತ್ತದೆ. ಅಂಚಿನಲ್ಲಿ ರಬ್ಬರು ಹೊಸದರಂತೆ ಇರುತ್ತದೆ. ಅಂಥ ಟೈರು ತಿರುವಿನಲ್ಲಿ ಒಮ್ಮೆಲೇ ಪಕ್ಕಕ್ಕೆ ಬೀಳುವ ಹಾಗೆ ಅನಿಸುತ್ತದೆ. ಅಂಚು ಚೆನ್ನಾಗಿದೆ ಅಂತ ಇನ್ನೂ ಸ್ವಲ್ಪ ದಿನ ಎಳೆಯಬೇಡಿ.

ಟೈರಿನ ವಿಷಯದಲ್ಲಿ ನನಗಾದದ್ದು ಹೇಳಲೇಬೇಕು. ಒಂದು ಅಂಗಡಿಯಲ್ಲಿ ಮೂರು ಸಾವಿರ ಡಿಸ್ಕೌಂಟ್ ಕೊಟ್ಟರು ಅಂತ ಹಿಂದಿನ ಟೈರು ಹಾಕಿಸಿಕೊಂಡೆ. ಹೊಸದೇ, ಲೇಬಲ್ ಕೂಡ ಕಿತ್ತಿರಲಿಲ್ಲ. ಎರಡು ವಾರ ಕಳೆದು ತಾಮ್ಹಿಣಿ ಘಾಟಿನಲ್ಲಿ ಸಣ್ಣ ಮಳೆ. ಎರಡನೇ ಗೇರ್, ನಿಧಾನದ ತಿರುವು, ಹಿಂದಿನ ಚಕ್ರ ಸರ್ರನೆ ಒಂದು ಗೇಣು ಜಾರಿತು. ಬೀಳಲಿಲ್ಲ, ಆದರೆ ಕೈ ನಡುಗಿ ಅಲ್ಲೇ ನಿಲ್ಲಿಸಿದೆ. ಟೈರಿನ ಪಕ್ಕದಲ್ಲಿ ಡಾಟ್ ಅಂತ ಅಚ್ಚಾದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಆಮೇಲಿನ ಎರಡು ವರ್ಷ. ನನ್ನದರಲ್ಲಿ 0818 ಅಂತ ಇತ್ತು. 2018ರ 8ನೇ ವಾರ, ಅಂದರೆ ಅಂಗಡಿಯಲ್ಲೇ ಐದು ವರ್ಷ ಕೂತು ರಬ್ಬರು ಗಟ್ಟಿಯಾಗಿತ್ತು. ಈಗ ಆ ನಾಲ್ಕು ಅಂಕಿ ಓದದೆ ನಾನು ಯಾವ ಟೈರಿಗೂ ದುಡ್ಡು ಕೊಡೋದಿಲ್ಲ.

ಚೈನ್ ಮತ್ತು ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಸೆಟ್ಟು 20,000 ರೂಪಾಯಿ. ಚೆನ್ನಾಗಿ ನೋಡಿಕೊಂಡರೆ 20,000 ಕಿ.ಮೀ. ಬಾಳುತ್ತದೆ, ಅಂದರೆ ವರ್ಷಕ್ಕೆ 6,000 ರೂಪಾಯಿ. ನಮ್ಮ ಪುಣೆಯ ಮಳೆಗಾಲದಲ್ಲಿ ನೋಡಿಕೊಳ್ಳದಿದ್ದರೆ ಅರ್ಧಕ್ಕೇ ಹೋಗುತ್ತದೆ. 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿಸಿದ ಪ್ರತಿ ಸಲವೂ, ಒರೆಸಿ ಲ್ಯೂಬ್ ಹಾಕಿ. ಪೆಟ್ರೋಲಿನಲ್ಲಿ ಮಾತ್ರ ತೊಳೆಯಬೇಡಿ. ಕೊಂಡಿಗಳ ನಡುವಿನ ಸಣ್ಣ ರಬ್ಬರ್ ಉಂಗುರಗಳು ಅದರಿಂದ ಹಾಳಾಗುತ್ತವೆ, ಒಳಗಿನ ಗ್ರೀಸ್ ಹೊರಗೆ ಬಂದುಬಿಡುತ್ತದೆ. ಬ್ರೇಕ್ ಪ್ಯಾಡ್ ವರ್ಷಕ್ಕೆ ನಾಲ್ಕೂವರೆ ಸಾವಿರದ ಲೆಕ್ಕ, ಮುಂದೆ ಎರಡು ಡಿಸ್ಕ್ ಇರೋದರಿಂದ ಎರಡು ಜೊತೆ ಬೇಕು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಗಾಡಿ ನಿಂತೇ ಇದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅದು, ಕೂಲಂಟ್ ಸೇರಿ ವರ್ಷಕ್ಕೆ ಎರಡೂವರೆ ಸಾವಿರ ಎತ್ತಿಡಿ.

ಇನ್ಶೂರೆನ್ಸ್ 18,000 ಹಿಡಿಯಿರಿ. 350 ಸಿಸಿ ಮೇಲಿನ ಬೈಕಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ ವರ್ಷಕ್ಕೆ 2,804 ರೂಪಾಯಿ, ಮೇಲೆ ಜಿಎಸ್‌ಟಿ. ಅದೊಂದನ್ನೇ ಮಾಡಿಸಿ ಉಳಿಸೋಣ ಅನಿಸಬಹುದು. ದಯವಿಟ್ಟು ಬೇಡ. ಪಾರ್ಕಿಂಗಿನಲ್ಲಿ ನಿಂತ ಗಾಡಿ ಸುಮ್ನೆ ಪಕ್ಕಕ್ಕೆ ವಾಲಿ ಬಿದ್ದರೂ ಫೇರಿಂಗ್ (ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ), ಲಿವರ್, ಕನ್ನಡಿ, ಇಂಡಿಕೇಟರ್ ಎಲ್ಲ ಹೋಗುತ್ತವೆ. ಥರ್ಡ್ ಪಾರ್ಟಿಯಲ್ಲಿ ಅದಕ್ಕೆ ದುಡ್ಡು ಬರೋದಿಲ್ಲ.

ಈಗ ನಿಮ್ಮ ಗಾಡಿಯಲ್ಲಿ ಅಡಗಿರುವ ದೊಡ್ಡ ಖರ್ಚಿಗೆ ಬರೋಣ, ವಾಲ್ವ್ ಕ್ಲಿಯರೆನ್ಸ್. ವಾಲ್ವ್ ಅಂದರೆ ಎಂಜಿನ್ನಿನೊಳಕ್ಕೆ ಗಾಳಿ-ಪೆಟ್ರೋಲ್ ಬಿಡುವ, ಹೊಗೆ ಹೊರಗೆ ಬಿಡುವ ಬಾಗಿಲು. ಈ ಎಂಜಿನ್ನಿನಲ್ಲಿ 16 ಇವೆ. ಪ್ರತಿಯೊಂದರ ಮೇಲೂ ಕೂದಲೆಳೆಯಷ್ಟು ಸಂದು ಇರಬೇಕು. ಅದನ್ನು ನಿರ್ಧರಿಸೋದು ಶಿಮ್ ಎಂಬ ಸಣ್ಣ ಉಕ್ಕಿನ ಬಿಲ್ಲೆ. ಸ್ಕೂಟರಿನ ಹಾಗೆ ಸ್ಕ್ರೂ ತಿರುಗಿಸಿ ಸರಿ ಮಾಡೋಕಾಗದು. ಟ್ಯಾಂಕ್ ತೆಗೆದು, ಏರ್‌ಬಾಕ್ಸ್ ತೆಗೆದು, ರಾತ್ರಿಯಿಡೀ ತಣ್ಣಗಾದ ಎಂಜಿನ್ನಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ಒಂದೊಂದೇ ಅಳೆಯಬೇಕು. ಸರಿಯಿಲ್ಲದಿದ್ದರೆ ವಾಲ್ವ್ ಒತ್ತುವ ದಂಡ, ಅಂದರೆ ಕ್ಯಾಮ್‌ಶಾಫ್ಟ್ ಎತ್ತಿ ಬಿಲ್ಲೆ ಬದಲಿಸಬೇಕು. ನನ್ನ ಗಾಡಿಗೆ ಮಾಡಿದಾಗ ಪಕ್ಕದಲ್ಲೇ ಕೂತಿದ್ದೆ. ಮೆಕ್ಯಾನಿಕ್ ಮಾತಾಡದೆ ಹಳೆಯ ನೋಟ್‌ಬುಕ್ಕಿನಲ್ಲಿ 16 ಚೌಕ ಬರೆದು, ಒಂದೊಂದರಲ್ಲೂ ಅಳತೆ ತುಂಬುತ್ತಾ ಹೋದರು. ಬಿಗಿಯಾಗಿದ್ದ ಮೂರಕ್ಕೆ ಕೆಂಪು ಗೆರೆ ಹಾಕಿದರು, ಮೂರೂ ಎಕ್ಸಾಸ್ಟ್, ಅಂದರೆ ಹೊಗೆ ಹೊರಹೋಗುವ ಕಡೆಯವು. ಎರಡು ದಿನದ ಕೆಲಸ, 28,000 ರೂಪಾಯಿ. ಬಿಲ್ಲೆಗಳ ಬೆಲೆ ಏನೂ ಅಲ್ಲ, ಬಹುಪಾಲು ಕೂಲಿ. ಆ ಕೂಲಿ ಕೊಡುವಾಗ ನನಗೆ ಒಂಚೂರೂ ಬೇಸರವಾಗಲಿಲ್ಲ.

"ಎಂಜಿನ್ ಸದ್ದು ಬಂದರೆ ಮಾಡಿಸೋಣ" ಅಂತ ಅನೇಕರು ಮುಂದೆ ಹಾಕುತ್ತಾರೆ. ಇದು ತಪ್ಪು ಲೆಕ್ಕ. ಇಂಥ ಎಂಜಿನ್ನುಗಳಲ್ಲಿ ವಾಲ್ವ್ ತನ್ನ ಸೀಟಿನೊಳಕ್ಕೆ ಸವೆಯುತ್ತಾ ಹೋದಂತೆ ಸಂದು ಕಮ್ಮಿಯಾಗುತ್ತದೆ. ಸದ್ದೂ ಕಮ್ಮಿಯಾಗುತ್ತದೆ! ಗಾಡಿ ಹಿಂದಿಗಿಂತ ಮೃದುವಾಗಿ ಕೇಳಿಸುತ್ತಿರುವಾಗಲೇ ಒಳಗೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತಿರಬಹುದು. ಯಾವಾಗ ಮಾಡಿಸಬೇಕು ಅನ್ನೋದು ಮಾದರಿಯಿಂದ ಮಾದರಿಗೆ ಬೇರೆ. ಯಮಹಾ ಆರ್6ಗೆ ಸುಮಾರು 42,000 ಕಿ.ಮೀ., ಎಷ್ಟೋ ಗಾಡಿಗಳಿಗೆ 24,000 ಆಸುಪಾಸು. ನಿಮ್ಮದರ ಮ್ಯಾನುಯಲ್ ತೆಗೆದು ಪಟ್ಟಿ ನೋಡಿ. ನಾನು ವರ್ಷಕ್ಕೆ 6,000 ಎತ್ತಿಡುತ್ತೇನೆ.

ಪೆಟ್ರೋಲ್ ಬಗ್ಗೆ ಹೆಚ್ಚೇನಿಲ್ಲ. ಎಂಜಿನ್ ಗಾಳಿ-ಪೆಟ್ರೋಲನ್ನು ಬಲವಾಗಿ ಅದುಮೋದರಿಂದ (ಕಂಪ್ರೆಷನ್ 12.9:1) 95 ಆಕ್ಟೇನ್ ಹಾಕಿಸಿ. ಹಿಂಜೇವಾಡಿ ಟ್ರಾಫಿಕ್ಕಿನಲ್ಲಿ ಲೀಟರಿಗೆ 16 ಬಂದರೆ ಕಿಲೋಮೀಟರಿಗೆ 7 ರೂಪಾಯಿ, ವರ್ಷಕ್ಕೆ 41-42 ಸಾವಿರ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಪ್ರವೇಶವೇ ಇಲ್ಲ, ಅಲ್ವಾ? ಹಾಗಾಗಿ ನಿಮ್ಮ ಕಿಲೋಮೀಟರುಗಳು ಊರೊಳಗೆ, ಘಾಟಿಗಳಲ್ಲಿ, ಊರಿನ ಹೆದ್ದಾರಿಯಲ್ಲೇ ಆಗೋದು.

ಗಾಡಿ ಪುಣೆ ಕಡೆಯ ಎಂಎಚ್-12 ಅಥವಾ ಎಂಎಚ್-14 ನಂಬರಿನದಾದರೆ ಇಲ್ಲಿ ಓಡಿಸಲು ತೊಂದರೆಯಿಲ್ಲ. ಮುಂದೆ ಹುಬ್ಬಳ್ಳಿಗೇ ವಾಪಸ್ ಹೋಗಿ ಅಲ್ಲೇ 12 ತಿಂಗಳಿಗೂ ಮೀರಿ ಇಟ್ಟರೆ ಕೆಎ ನಂಬರ್ ಮಾಡಿಸಿ ಅಲ್ಲಿನ ಟ್ಯಾಕ್ಸ್ ಕಟ್ಟಬೇಕು. ಆ ಯೋಚನೆ ಇದ್ದರೆ ಅದನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ನೀವು ನೋಡಿರುವ ಗಾಡಿ. 19,000 ಓಡಿದೆ ಅಂದರೆ ವಾಲ್ವ್ ಕೆಲಸ ನಿಮ್ಮ ತಲೆಗೇ ಬರುತ್ತದೆ. ಚೈನ್ ಸೆಟ್ಟೂ ಕೊನೆಗೆ ಬಂದಿರುತ್ತದೆ. ಚೈನ್ ಬದಲಿಸಿದ ಬಿಲ್ ಇಲ್ಲದಿದ್ದರೆ, ಟೈರಿನ ಅಂಕಿಗಳು ಐದು ವರ್ಷ ಹಳೆಯವಾಗಿದ್ದರೆ, 7 ಲಕ್ಷದಲ್ಲಿ ಕನಿಷ್ಠ 60,000 ಇಳಿಸಿ ಮಾತಾಡಿ. ನೋಡೋಕೆ ಹೋಗುವ ಹಿಂದಿನ ದಿನವೇ ಮಾಲೀಕರಿಗೆ ಫೋನ್ ಮಾಡಿ, "ನಾ ಬರೂ ತನಕ ಗಾಡಿ ಸ್ಟಾರ್ಟ್ ಮಾಡಬ್ಯಾಡ್ರಿ" ಅಂತ ಹೇಳಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವಾಗಲೇ ತೊಂದರೆಗಳು ಗೊತ್ತಾಗೋದು. ಹೋದ ಕೂಡಲೇ ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಚಹಾ ಕುಡಿದು ವಾಪಸ್ ಬನ್ನಿ, ಇನ್ನೊಂದು ದಿನ ತಣ್ಣಗಿದ್ದಾಗ ಹೋದರಾಯಿತು.