ಚೆಂಡನ್ನು ಬಿಡಿ, ಆಟಗಾರನನ್ನು ನೋಡಿ

ದೊಡ್ಡ ಆಟಗಾರನೊಬ್ಬನನ್ನು ಸ್ಟೇಡಿಯಂಗೇ ಹೋಗಿ ನೋಡಿಕೊಂಡು ಬಂದವರು ನನ್ನ ಹತ್ತಿರ ಮೊದಲು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸಾರ್, ಅವನು ಏನೂ ಮಾಡಲೇ ಇಲ್ಲ." ಗೋಲು ಹೊಡೆಯಲಿಲ್ಲ, ನಾಲ್ಕು ಜನರನ್ನು ದಾಟಿ ನುಗ್ಗಲಿಲ್ಲ, ಸುಮ್ನೆ ಅಡ್ಡಾಡಿಕೊಂಡಿದ್ದ, ಮನೆಯಲ್ಲೇ ಕೂತು ಟಿವಿಯಲ್ಲಿ ನೋಡಿದ್ದರೆ ಚೆನ್ನಾಗಿತ್ತು. ಹುಡುಗರಿಗೆ ಫುಟ್‌ಬಾಲ್ ಕಲಿಸುವುದು ನನ್ನ ಕೆಲಸ. ಈ ಮಾತನ್ನು ಹುಡುಗರ ಬಾಯಲ್ಲೂ ಕೇಳಿದ್ದೇನೆ, ಅವರ ಅಪ್ಪಂದಿರ ಬಾಯಲ್ಲೂ ಕೇಳಿದ್ದೇನೆ. ವರ್ಷಗಟ್ಟಲೆ ಆಟ ನೋಡಿಕೊಂಡು ಬಂದ ಹಿರಿಯರೂ ಇದನ್ನೇ ಹೇಳುತ್ತಾರೆ. ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಹೋಗಿ, ಜೀವಮಾನದಲ್ಲಿ ಒಂದೋ ಎರಡೋ ಸಲ ಸಿಗುವ ಅವಕಾಶದಲ್ಲಿ ಇವರು ನೋಡಿದ್ದು ಆಟಗಾರನನ್ನಲ್ಲ, ಚೆಂಡನ್ನು.

ಸ್ವಲ್ಪ ಲೆಕ್ಕ ಹಾಕಿ. ಪಂದ್ಯ 90 ನಿಮಿಷದ್ದು. ಥ್ರೋ, ಫೌಲ್, ಕಾರ್ನರ್ ಅಂತ ನಿಂತುಹೋಗುವ ಸಮಯ ಕಳೆದರೆ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು ಒಂದು ಗಂಟೆ. ಆ ಒಂದು ಗಂಟೆಯನ್ನು 22 ಜನ ಹಂಚಿಕೊಳ್ಳಬೇಕು. ಎಂಥಾ ದೊಡ್ಡ ಆಟಗಾರನಾದರೂ ಅವನ ಕಾಲಲ್ಲಿ ಚೆಂಡಿರುವುದು ಒಟ್ಟಾರೆ ಎರಡು ಮೂರು ನಿಮಿಷ ಅಷ್ಟೇ. ಉಳಿದ ಹೊತ್ತೆಲ್ಲ ಅವನು ಚೆಂಡಿಲ್ಲದೆಯೇ ಆಡುತ್ತಿರುತ್ತಾನೆ. ಹೌದು, ಆಡುತ್ತಿರುತ್ತಾನೆ. ಎಷ್ಟು ಹೇಳಿದರೂ ಜನರ ತಲೆಗೆ ಹೋಗದ ಸಂಗತಿ ಇದೊಂದೇ.

ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಅದರ ತಪ್ಪಲ್ಲ, ಅದರ ಕೆಲಸವೇ ಅದು. ಆದರೆ ವರ್ಷಾನುಗಟ್ಟಲೆ ಟಿವಿ ನೋಡಿ ನಮ್ಮ ಕಣ್ಣಿಗೂ ಅದೇ ಚಾಳಿ ಹತ್ತಿದೆ. 105 ಮೀಟರ್ ಉದ್ದ, 68 ಮೀಟರ್ ಅಗಲದ ಇಡೀ ಮೈದಾನ ಎದುರಿಗೆ ತೆರೆದುಕೊಂಡಿದ್ದರೂ ನಾವು ಚೆಂಡಿನ ಸುತ್ತಲಿನ ಒಂದಿಷ್ಟು ಜಾಗವನ್ನೇ ನೋಡುತ್ತೇವೆ. ಸಾಲದ್ದಕ್ಕೆ ಕೈಯಲ್ಲಿ ಫೋನ್. ಅದರ ಪರದೆಯಲ್ಲಿ ಎದುರಿಗಿರುವ ಆಟಗಾರ ಬೆರಳಿನ ಉಗುರಿನಷ್ಟು.

ಒಂದು ಗೋಲಿನ ಉದಾಹರಣೆ ಕೊಡುತ್ತೇನೆ. 1970ರ ಜೂನ್ 21, ಮೆಕ್ಸಿಕೋದ ಅಜ್ಟೆಕಾ ಸ್ಟೇಡಿಯಂ, ವಿಶ್ವಕಪ್ ಫೈನಲ್. ಬ್ರೆಜಿಲ್ ತಂಡದ ನಾಲ್ಕನೇ ಗೋಲು. ವಿಡಿಯೋದಲ್ಲಿ ಎಲ್ಲರೂ ನೋಡಿರುತ್ತೀರಿ. ಪೆಲೆ ಪೆನಾಲ್ಟಿ ಬಾಕ್ಸಿನ ಮುಂದೆ ಚೆಂಡು ಹಿಡಿದು ನಿಲ್ಲುತ್ತಾರೆ. ಅವಸರವೇ ಇಲ್ಲ. ಆಮೇಲೆ ಬಲಕ್ಕೆ, ಯಾರೂ ಇಲ್ಲದ ಜಾಗಕ್ಕೆ ಮೆಲ್ಲಗೆ ಚೆಂಡು ಉರುಳಿಸುತ್ತಾರೆ. ಅಷ್ಟರಲ್ಲಿ ಪರದೆಯ ಅಂಚಿನಿಂದ ಅವರದೇ ತಂಡದ ಕಾರ್ಲೋಸ್ ಆಲ್ಬರ್ಟೋ ಧುತ್ತೆಂದು ಬಂದು ಬಾರಿಸುತ್ತಾರೆ. ಟಿವಿಯಲ್ಲಿ ಇದು ಮಾಯೆಯ ಹಾಗೆ ಕಾಣುತ್ತದೆ. ಪೆಲೆಗೆ ಬೆನ್ನಲ್ಲೂ ಕಣ್ಣಿತ್ತು ಅಂತ ಜನ ಹೇಳುತ್ತಾರೆ.

ಅವತ್ತು ಸ್ಟೇಡಿಯಂನಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಜನರಿದ್ದರು. ಅವರಲ್ಲಿ ಚೆಂಡಿನಿಂದ ಕಣ್ಣು ಕಿತ್ತವರಿಗೆ ಬೇರೆಯದೇ ಕಥೆ ಕಂಡಿರಬೇಕು. ಇಟಲಿಯ ಡಿಫೆಂಡರ್‌ಗಳು ಒಬ್ಬೊಬ್ಬ ಎದುರಾಳಿಯ ಬೆನ್ನಿಗೆ ಬಿದ್ದು ಆಡುತ್ತಿದ್ದರು. ಬಲ ಅಂಚಿನಲ್ಲಿ ಆಡಬೇಕಾದ ಬ್ರೆಜಿಲ್‌ನ ರೈಟ್ ವಿಂಗರ್ ಜೈರ್‌ಜಿನ್ಹೊ ತನ್ನ ಜಾಗ ಬಿಟ್ಟು ಎಡಗಡೆಗೆ ಬಂದುಬಿಟ್ಟಿದ್ದರು. ಅವರನ್ನು ಕಾಯುತ್ತಿದ್ದ ಫಾಕೆಟ್ಟಿಯೂ ಹಿಂದೆಯೇ ಬಂದರು. ಅಲ್ಲಿಗೆ ಇಟಲಿಯ ಎಡಬದಿ, ಅಂದರೆ ಬ್ರೆಜಿಲ್‌ನ ಬಲಬದಿ, ಪೂರ್ತಿ ಖಾಲಿ. ಆ ಖಾಲಿ ಜಾಗಕ್ಕೆ ಕಾರ್ಲೋಸ್ ಆಲ್ಬರ್ಟೋ ಹಿಂದಿನಿಂದ ಓಡಿಕೊಂಡು ಬರುತ್ತಿದ್ದದ್ದು ಮೇಲಿನ ಸಾಲಿನಲ್ಲಿ ಕೂತವರಿಗೆ ಪೆಲೆ ಪಾಸ್ ಕೊಡುವ ಮೊದಲೇ ಕಾಣುವ ಹಾಗಿತ್ತು. ಗೋಲು ಹೊಡೆದವರು ಒಬ್ಬರು, ಪಾಸ್ ಕೊಟ್ಟವರು ಇನ್ನೊಬ್ಬರು. ಬಾಗಿಲು ತೆಗೆದುಕೊಟ್ಟದ್ದು ಮಾತ್ರ ಜೈರ್‌ಜಿನ್ಹೊ ಎಡಕ್ಕೆ ಬಂದ ಆ ಓಡಾಟ. ವಿಡಿಯೋ ತುಣುಕಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಮೆಸ್ಸಿ. ನನ್ನ ಹತ್ತಿರ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಮೆಸ್ಸಿಯವೇ. "ಇಡೀ ಪಂದ್ಯ ನಡೀತಾನೇ ಇದ್ದ ಸಾರ್." ನಡೆಯುತ್ತಾರೆ, ನಿಜ. ದೊಡ್ಡ ಫಾರ್ವರ್ಡ್‌ಗಳಲ್ಲಿ ಅವರಷ್ಟು ನಡೆಯುವವರು ಕಡಿಮೆ. ಅವರ ಕೋಚ್ ಆಗಿದ್ದ ಗಾರ್ಡಿಯೋಲಾ ಇದನ್ನು ವಿವರಿಸಿದ್ದಾರೆ. ಪಂದ್ಯದ ಶುರುವಿನಲ್ಲಿ ಮೆಸ್ಸಿ ನಡೆಯುತ್ತಾ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಎದುರಾಳಿಗಳ ಸಾಲಿನಲ್ಲಿ ಎಲ್ಲಿ ಸಡಿಲವಿದೆ ಅಂತ ಹುಡುಕುತ್ತಿರುತ್ತಾರೆ. ಆ ಹುಡುಕಾಟ ಮುಗಿದ ಮೇಲೆ ಎಲ್ಲಿಗೆ ಹೋದರೆ ಜಾಗ ಸಿಗುತ್ತದೆ ಅನ್ನುವುದು ಅವರಿಗೆ ಗೊತ್ತಾಗಿರುತ್ತದೆ. 2022ರ ವಿಶ್ವಕಪ್‌ನಲ್ಲಿ 35ರ ವಯಸ್ಸಿನಲ್ಲಿ ಏಳು ಗೋಲು ಹೊಡೆದು, ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ತೆಗೆದುಕೊಂಡು ಹೋದರಲ್ಲ, ಅದು ಹೀಗೆ ನಡೆದಾಡಿಕೊಂಡೇ.

2009ರ ಮೇ 2ರಂದು ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರದೇ ಮೈದಾನದಲ್ಲಿ 6-2ರಿಂದ ಸೋಲಿಸಿತು. ಬಲಬದಿಯಲ್ಲಿ ಆಡುತ್ತಿದ್ದ ಮೆಸ್ಸಿಯನ್ನು ಗಾರ್ಡಿಯೋಲಾ ಅವತ್ತು ಮಧ್ಯಕ್ಕೆ ತಂದರು. ಆದರೆ ಮೆಸ್ಸಿ ಸ್ಟ್ರೈಕರ್ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಮಿಡ್‌ಫೀಲ್ಡ್ ಕಡೆಗೆ ಹಿಂದೆ ಸರಿದರು. ರಿಯಲ್‌ನ ಇಬ್ಬರು ಸೆಂಟರ್ ಬ್ಯಾಕ್‌ಗಳು, ಕನ್ನವಾರೊ ಮತ್ತು ಮೆಟ್ಜೆಲ್ಡರ್, ಕಾಯುವುದಕ್ಕೆ ಯಾರೂ ಇಲ್ಲದೆ ನಿಂತರು. ಮುಂದೆ ಹೋಗಿ ಮೆಸ್ಸಿಯನ್ನು ಹಿಡಿಯೋಣ ಅಂದರೆ ಬೆನ್ನ ಹಿಂದೆ ಜಾಗ ಖಾಲಿಯಾಗುತ್ತದೆ. ನಿಂತಲ್ಲೇ ನಿಲ್ಲೋಣ ಅಂದರೆ ಮೆಸ್ಸಿ ಆರಾಮಾಗಿ ಚೆಂಡು ತೆಗೆದುಕೊಂಡು ತಿರುಗುತ್ತಾರೆ. ಅವತ್ತು ಮೆಸ್ಸಿ ಎರಡು ಗೋಲು ಹೊಡೆದರು. ನಾನು ಹುಡುಗರಿಗೆ ಆ ಪಂದ್ಯ ತೋರಿಸುವಾಗ ಗೋಲುಗಳನ್ನು ಬಿಟ್ಟು ಆ ಇಬ್ಬರು ಡಿಫೆಂಡರ್‌ಗಳನ್ನು ನೋಡಿ ಅನ್ನುತ್ತೇನೆ. ಮೆಸ್ಸಿಯ ಆಟ ಅರ್ಥವಾಗುವುದು ಅವರ ಗೊಂದಲದಲ್ಲಿ.

ಇದೇನೂ ಹೊಸದಲ್ಲ. 1974ರ ವಿಶ್ವಕಪ್ ಫೈನಲ್‌ನ ಮೊದಲ ನಿಮಿಷದಲ್ಲಿ ನೆದರ್ಲೆಂಡ್ಸ್‌ನ ಕ್ರೈಫ್ ಇದನ್ನೇ ಮಾಡಿದ್ದರು. ತಂಡದ ಮುಖ್ಯ ಫಾರ್ವರ್ಡ್ ಆಗಿದ್ದವರು ಎಲ್ಲರಿಗಿಂತ ಹಿಂದಕ್ಕೆ, ಸೆಂಟರ್ ಸರ್ಕಲ್ ಹತ್ತಿರ ಬಂದು ಚೆಂಡು ಇಸಿದುಕೊಂಡರು. ಅಲ್ಲಿಂದ ನುಗ್ಗಿ ಪೆನಾಲ್ಟಿ ಗಿಟ್ಟಿಸಿದರು. ಅವರ ತಂಡದ ನೇಸ್ಕೆನ್ಸ್ ಅದನ್ನು ಗೋಲು ಮಾಡುವ ತನಕ ಪಶ್ಚಿಮ ಜರ್ಮನಿಯವರು ಚೆಂಡನ್ನು ಮುಟ್ಟಿರಲೇ ಇಲ್ಲ. ಕೊನೆಗೆ ಗೆದ್ದದ್ದು ಜರ್ಮನಿಯವರೇ, 2-1. ಅದು ಬೇರೆ ವಿಷಯ.

ನನ್ನ ಹತ್ತಿರ ಕಲಿಯುವ ಹುಡುಗನೊಬ್ಬ ಅಪ್ಪನ ಜೊತೆ ದೊಡ್ಡ ಪಂದ್ಯವೊಂದಕ್ಕೆ ಹೊರಟಿದ್ದ. ಹದಿನಾಲ್ಕು ವರ್ಷದವನು, ಒಳ್ಳೆಯ ಹುಡುಗ, ಆದರೆ ಗೋಲು ಬಿಟ್ಟು ಬೇರೆ ಮಾತಿಲ್ಲ. ಅವನಿಗೆ ಒಂದು ಕೆಲಸ ಕೊಟ್ಟೆ. ಮೊದಲ ಹದಿನೈದು ನಿಮಿಷ ನಡುವಿನ ಒಬ್ಬ ಮಿಡ್‌ಫೀಲ್ಡರ್‌ನನ್ನು ಮಾತ್ರ ನೋಡಬೇಕು, ಚೆಂಡು ಎಲ್ಲಿಗಾದರೂ ಹೋಗಲಿ. ಮುಖ ಸಿಂಡರಿಸಿಕೊಂಡ. "ಗೋಲ್ ಆಗಿಬಿಟ್ರೆ?" ಅಂದ. ಆಗಲಿ ಬಿಡು, ರಾತ್ರಿ ವಿಡಿಯೋದಲ್ಲಿ ನೋಡು ಅಂದೆ. ಆ ಹದಿನೈದು ನಿಮಿಷದೊಳಗೇ ಗೋಲಾಯಿತು. ಪಕ್ಕದಲ್ಲಿ ಅಪ್ಪ ಎದ್ದು ಕುಣಿದಾಗಲೇ ಇವನಿಗೆ ಗೊತ್ತಾದದ್ದು. ಮಾರನೇ ದಿನ ಪ್ರಾಕ್ಟೀಸ್‌ಗೆ ಎಲ್ಲರಿಗಿಂತ ಮೊದಲೇ ಬಂದ. "ಸಾರ್, ಆಯಪ್ಪ ಚೆಂಡು ಬರೋಕೆ ಮುಂಚೇನೇ ಹಿಂದೆ ತಿರುಗಿ ನೋಡ್ತಾನೆ. ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ. ಪ್ರತಿ ಸಲ!" ಗೋಲಿನ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ ಅವತ್ತಿನ ಪ್ರಾಕ್ಟೀಸ್ ಪೂರ್ತಿ ಅದರ ಮೇಲೆಯೇ ನಡೆಸಿದೆ.

ಹುಡುಗ ಕಂಡದ್ದು ಸಣ್ಣ ವಿಷಯವಲ್ಲ. ಗಾಡಿ ಓಡಿಸುವವರು ಪಕ್ಕಕ್ಕೆ ಸರಿಯುವ ಮೊದಲು ಕನ್ನಡಿ ನೋಡುವ ಹಾಗೆ ಒಳ್ಳೆಯ ಮಿಡ್‌ಫೀಲ್ಡರ್ ಚೆಂಡು ಬರುವ ಮೊದಲೇ ಸುತ್ತ ನೋಡಿಕೊಂಡಿರುತ್ತಾನೆ. ಬಾರ್ಸಿಲೋನಾದ ಮಿಡ್‌ಫೀಲ್ಡರ್ ಆಗಿದ್ದ ಚಾವಿಗೆ ಈ ಅಭ್ಯಾಸ ಎಷ್ಟಿತ್ತು ಅಂದರೆ ಅವರ ಕತ್ತು ಸುಮ್ಮನಿರುತ್ತಲೇ ಇರಲಿಲ್ಲ. ಚೆಂಡು ಕಾಲಿಗೆ ತಾಗುವ ಹೊತ್ತಿಗೆ ಅದನ್ನು ಎಲ್ಲಿಗೆ ಕಳಿಸಬೇಕು ಅನ್ನುವುದು ತೀರ್ಮಾನವಾಗಿರುತ್ತಿತ್ತು. ಅದಕ್ಕೇ ಒಂದೇ ಟಚ್ ಸಾಕಾಗುತ್ತಿತ್ತು. ಟಿವಿ ನೋಡುವವರಿಗೆ ಆ ಟಚ್ ಕಾಣುತ್ತದೆ. ಅದಕ್ಕೆ ಮೊದಲು ಕತ್ತು ಮೂರು ಸಲ ತಿರುಗಿದ್ದು ಕಾಣುವುದೇ ಇಲ್ಲ. ಅದೇ ತಂಡದ ಇನ್ನೊಬ್ಬ ಮಿಡ್‌ಫೀಲ್ಡರ್ ಬುಸ್ಕೆಟ್ಸ್ ಬಗ್ಗೆ ಸ್ಪೇನ್ ತಂಡದ ಕೋಚ್ ಆಗಿದ್ದ ದೆಲ್ ಬೋಸ್ಕೆ ಹೇಳಿದ ಮಾತೊಂದಿದೆ: ಪಂದ್ಯ ನೋಡಿದರೆ ಬುಸ್ಕೆಟ್ಸ್ ಕಾಣುವುದಿಲ್ಲ, ಬುಸ್ಕೆಟ್ಸ್‌ನನ್ನು ನೋಡಿದರೆ ಇಡೀ ಪಂದ್ಯ ಕಾಣುತ್ತದೆ. ಸ್ಟೇಡಿಯಂನಲ್ಲಿ ಕೂತವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಗೊತ್ತಿಲ್ಲ.

ಗೋಲ್‌ಕೀಪರ್‌ಗಳ ಕಡೆಗಂತೂ ಯಾರೂ ಕಣ್ಣು ಹಾಯಿಸುವುದಿಲ್ಲ. 2014ರ ವಿಶ್ವಕಪ್‌ನಲ್ಲಿ, ಜೂನ್ 30ರಂದು ಅಲ್ಜೀರಿಯಾ ವಿರುದ್ಧ ಜರ್ಮನಿಯ ನೋಯರ್ ಪೆನಾಲ್ಟಿ ಬಾಕ್ಸ್ ಬಿಟ್ಟು ಮುಂದೆ ಬಂದು ಮತ್ತೆ ಮತ್ತೆ ಚೆಂಡು ಕಿತ್ತುಕೊಂಡರು. ಟಿವಿಯಲ್ಲಿ ಎಲ್ಲಿಂದಲೋ ಪ್ರತ್ಯಕ್ಷರಾದ ಹಾಗೆ ಕಾಣುತ್ತಿತ್ತು. ಎಲ್ಲಿಂದಲೋ ಅಲ್ಲ. ಅವರು ಮೊದಲೇ ಅಷ್ಟು ಮುಂದೆ ಬಂದು ನಿಂತಿರುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಂದೇ ಪಂದ್ಯ ನೋಡಿ ಯಾರ ಬಗ್ಗೆಯೂ ತೀರ್ಪು ಕೊಡಬೇಡಿ. ನಾನೂ ಕೊಡುವುದಿಲ್ಲ. ಅವತ್ತು ಕೋಚ್ ಅವನಿಗೆ ಏನು ಹೇಳಿದ್ದರು, ಕಾಲು ಎಷ್ಟು ನೋಯುತ್ತಿತ್ತು, ಇದೆಲ್ಲ ಸೀಟಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ. 1998ರ ವಿಶ್ವಕಪ್ ಫೈನಲ್ ದಿನ ಮಧ್ಯಾಹ್ನ ಬ್ರೆಜಿಲ್‌ನ ರೊನಾಲ್ಡೊಗೆ ಫಿಟ್ಸ್ ಬಂದಿತ್ತು. ಮೊದಲು ಕೊಟ್ಟ ತಂಡದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಆಮೇಲೆ ಸೇರಿಸಿದರು. ಆ ಸಂಜೆ ಅವರ ಆಟ ನೋಡಿದವರು ನೋಡಿದ್ದು ರೊನಾಲ್ಡೊನ ನಿಜವಾದ ಆಟವನ್ನಲ್ಲ. ನಾಲ್ಕು ವರ್ಷದ ನಂತರ ಯೊಕೊಹಾಮಾದಲ್ಲಿ ಅದೇ ಮನುಷ್ಯ ಫೈನಲ್‌ನ ಎರಡೂ ಗೋಲು ಹೊಡೆದರು.

ಜಿದಾನ್ ಕಥೆ ಇನ್ನೂ ಹತ್ತಿರದ್ದು. 2006ರ ವಿಶ್ವಕಪ್‌ನಲ್ಲಿ ಫ್ರಾನ್ಸ್ ಮೊದಲು ಸ್ವಿಟ್ಜರ್ಲೆಂಡ್ ಜೊತೆ 0-0, ಆಮೇಲೆ ದಕ್ಷಿಣ ಕೊರಿಯಾ ಜೊತೆ 1-1. ಎರಡರಲ್ಲೂ ಜಿದಾನ್‌ಗೆ ಹಳದಿ ಕಾರ್ಡ್, ಮೂರನೇ ಪಂದ್ಯಕ್ಕೆ ಆಡುವ ಹಾಗೇ ಇರಲಿಲ್ಲ. ಜೂನ್ 13ರಂದು ಸ್ಟುಟ್‌ಗಾರ್ಟ್‌ನಲ್ಲಿ ಅವರನ್ನು ನೋಡಿದವರು ಮುದುಕನಾದ ಅಂದುಕೊಂಡು ಮನೆಗೆ ಹೋಗಿದ್ದರೆ ತಪ್ಪಿಲ್ಲ. ಜುಲೈ 1ರಂದು ಫ್ರಾಂಕ್‌ಫರ್ಟ್‌ನಲ್ಲಿ ಬ್ರೆಜಿಲ್ ಎದುರು ಅವರ ಆಟ ನೋಡಿದವರು ಮಾತ್ರ ಇವತ್ತಿಗೂ ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ಮೂರು ವಾರವೂ ಆಗಿರಲಿಲ್ಲ, ಅಲ್ವಾ? ಹಾಗಾಗಿ ಯಾರಾದರೂ "ನಾನು ಕಣ್ಣಾರೆ ನೋಡಿದ್ದೇನೆ, ಅವನು ಅಷ್ಟೊಂದೇನಿಲ್ಲ" ಅಂದರೆ ನಾನು ಮೊದಲು ಕೇಳುವುದು: ಯಾವ ಪಂದ್ಯ?

ಹಾಗಂತ ಗೋಲು, ಡ್ರಿಬ್ಲಿಂಗ್ ಇದನ್ನೆಲ್ಲ ಕೀಳಾಗಿ ನೋಡಬೇಕಿಲ್ಲ. 2005ರ ನವೆಂಬರ್‌ನಲ್ಲಿ ರೊನಾಲ್ಡಿನ್ಹೊ ರಿಯಲ್ ಮ್ಯಾಡ್ರಿಡ್ ಮೈದಾನದಲ್ಲಿ ಎರಡು ಗೋಲು ಹೊಡೆದಾಗ ರಿಯಲ್ ಅಭಿಮಾನಿಗಳೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಾರ್ಸಿಲೋನಾ ಆಟಗಾರನಿಗೆ! ಆ ಚಪ್ಪಾಳೆಯ ನಡುವೆ ಕೂತಿದ್ದವರ ಬಗ್ಗೆ ನನಗೆ ನಿಜಕ್ಕೂ ಅಸೂಯೆ ಇದೆ. ನಾನು ಹೇಳುತ್ತಿರುವುದು ಇಷ್ಟೇ. ಆ ಎರಡು ಮೂರು ನಿಮಿಷ ವಿಡಿಯೋದಲ್ಲಿ ಎಂದೆಂದಿಗೂ ಸಿಗುತ್ತದೆ. ಉಳಿದದ್ದು ಸ್ಟೇಡಿಯಂ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ.

ಟಿಕೆಟ್ ತೆಗೆದುಕೊಳ್ಳುವವರು ಮೈದಾನಕ್ಕೆ ಅಂಟಿಕೊಂಡ ಸೀಟೇ ಬೇಕು ಅಂತ ಹಟ ಹಿಡಿಯುತ್ತಾರೆ. ಮುಖ ಹತ್ತಿರದಿಂದ ನೋಡುವ ಆಸೆ, ಅರ್ಥವಾಗುತ್ತದೆ. ಆದರೆ ಅಲ್ಲಿಂದ ಆಟಗಾರರ ನಡುವಿನ ಅಂತರ ಗೊತ್ತಾಗುವುದಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ನಿಂತ ಹಾಗೆ ಕಾಣುತ್ತದೆ. ನನ್ನನ್ನು ಕೇಳಿದರೆ ಮೇಲಿನ ಸಾಲೇ ವಾಸಿ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಮಾತ್ರ ಈ ಮಾತು ಹೇಳುವುದಿಲ್ಲ. ಅವರಿಗೆ ಹತ್ತಿರವೇ ಇರಲಿ, ಚೆಂಡಿಗೆ ಒದ್ದ ಸದ್ದು ಕೇಳಲಿ.

ಬೇಗ ಹೋಗಿ. ವಾರ್ಮ್‌ಅಪ್ ತಪ್ಪಿಸಿಕೊಳ್ಳಬೇಡಿ. 1989ರ ಏಪ್ರಿಲ್‌ನಲ್ಲಿ ಮ್ಯೂನಿಕ್‌ನಲ್ಲಿ ಬಯರ್ನ್ ಎದುರಿನ ಯುಇಎಫ್‌ಎ ಕಪ್ (ಯುರೋಪಿನ ಕ್ಲಬ್‌ಗಳ ಟೂರ್ನಿ) ಸೆಮಿಫೈನಲ್‌ಗೆ ಮೊದಲು ನಾಪೋಲಿ ತಂಡದ ಮರಡೋನಾ ಬೂಟಿನ ಲೇಸ್ ಕೂಡ ಕಟ್ಟದೆ, ಸ್ಪೀಕರ್‌ನಲ್ಲಿ ಬರುತ್ತಿದ್ದ ಹಾಡಿಗೆ ಕುಣಿಯುತ್ತಾ ತಲೆ, ಭುಜ, ತೊಡೆಯ ಮೇಲೆ ಚೆಂಡು ಆಡಿಸಿದ್ದು ಈಗ ಲೋಕಕ್ಕೆಲ್ಲ ಗೊತ್ತು. ಅದು ಪಂದ್ಯವಲ್ಲ, ವಾರ್ಮ್‌ಅಪ್. ತಡವಾಗಿ ಬಂದವರಿಗೆ ಅದು ಸಿಕ್ಕಲಿಲ್ಲ.

ಆಮೇಲೆ ನನ್ನ ಹುಡುಗರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಆಟ ಶುರುವಾದ ಮೇಲೆ ಹದಿನೈದು ನಿಮಿಷ ಫೋನ್ ಜೇಬಿನಲ್ಲಿರಲಿ, ಕಣ್ಣು ಒಬ್ಬನ ಮೇಲಿರಲಿ. ಎದುರಾಳಿಗೆ ಚೆಂಡು ಸಿಕ್ಕ ಕೂಡಲೇ ಅವನು ಏನು ಮಾಡುತ್ತಾನೆ? ಅವನು ಪಕ್ಕಕ್ಕೆ ಸರಿದಾಗ ಯಾರು ಅವನ ಹಿಂದೆ ಬರುತ್ತಾರೆ, ಬಂದವರು ಬಿಟ್ಟ ಜಾಗಕ್ಕೆ ಯಾರು ನುಗ್ಗುತ್ತಾರೆ? ಚೆಂಡು ಬರುವ ಮೊದಲು ಅವನ ಕತ್ತು ತಿರುಗುತ್ತದೋ ಇಲ್ಲವೋ? ಅವನು ಸುಸ್ತಾಗಿ ನಿಂತಿದ್ದಾನೋ, ಕಾಯುತ್ತಾ ನಿಂತಿದ್ದಾನೋ? ಈ ಕೊನೆಯದನ್ನು ಹೇಳುವುದು ಸುಲಭವಲ್ಲ. ನನಗೂ ಹಲವು ಸಲ ಖಚಿತವಾಗಿ ಹೇಳಲು ಆಗುವುದಿಲ್ಲ. ಆದರೆ ಬಂದು ಇದರ ಬಗ್ಗೆ ಮಾತಾಡಿ. ಎಷ್ಟು ಹೊತ್ತಾದರೂ ಕೂತು ಕೇಳುತ್ತೇನೆ.