ಮೇ ತಿಂಗಳಲ್ಲಿ ಗಂಟಲು ಕಟ್ಟುವ ಪೆಡಲ್

ಮೇ ಕೊನೆಯ ಒಂದು ಮಧ್ಯಾಹ್ನ ಮುಂಬಯಿ ಹತ್ತಿರದ ಡೊಂಬಿವಲಿಯ ನನ್ನ ರಿಪೇರಿ ಅಂಗಡಿಗೆ ಕುಂದಾಪುರ ಕಡೆಯ ಹುಡುಗನೊಬ್ಬ ಬಂದ. ಕೈಯಲ್ಲಿ ಮಸಾಲೆ ಡಬ್ಬದಂಥ ಗುಂಡನೆಯ ಫಜ್ ಪೆಡಲ್, ಗಿಟಾರಿನ ಸ್ವರವನ್ನು ಬೇಕೆಂದೇ ಕರ್ಕಶ ಮಾಡುವ, ಕಾಲಿನಿಂದ ಒತ್ತುವ ಪೆಟ್ಟಿಗೆ. ಹಡಗಿನ ಕೆಲಸದಲ್ಲಿದ್ದ ದೊಡ್ಡಪ್ಪ ಲಂಡನ್ನಿನಿಂದ ತಂದದ್ದಂತೆ. "ಅಂಕಲ್, ಬೆಳಿಗ್ಗೆ ಸರಿ ಉಂಟು, ಮಧ್ಯಾಹ್ನ ಆದ್ರೆ ಸ್ವರ ಹರಿದು ಹರಿದು ಬರ್ತದೆ. ಟ್ರಾನ್ಸಿಸ್ಟರ್ ಹೋಗಿದೆ, ಬದಲಿಸ್ಬೇಕು ಅಂತ ಒಬ್ರು ಹೇಳಿದ್ರು."

ನಾನು ಸ್ಕ್ರೂಡ್ರೈವರ್ ಮುಟ್ಟಲಿಲ್ಲ. "ಏಸಿ ಇರೋ ಕೋಣೆಯಲ್ಲಿ ಒಂದು ಗಂಟೆ ಇಟ್ಟು ನುಡಿಸಿ ನೋಡು" ಅಂದು ಕಳಿಸಿದೆ. ಸಂಜೆ ಫೋನ್ ಬಂತು, ಸ್ವರ ವಾಪಸ್ ಬಂದಿತ್ತು.

ಅದು ಫಜ್ ಫೇಸ್. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಯಾರಿಸಲು ಶುರುಮಾಡಿದ್ದು. ಒಳಗೆ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್, ಅಂದರೆ ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್. ಒಟ್ಟು ಹನ್ನೊಂದೇ ಭಾಗ. ಆರಂಭದವುಗಳಲ್ಲಿ ಟ್ರಾನ್ಸಿಸ್ಟರ್ ಜರ್ಮೇನಿಯಂನದು, ಸಿಲಿಕಾನ್ ಬಂದದ್ದು ಆಮೇಲೆ. ಜರ್ಮೇನಿಯಂ ಸೋರುತ್ತದೆ: ತಡೆಯಬೇಕಾದ ಕರೆಂಟನ್ನೂ ಸ್ವಲ್ಪ ಬಿಟ್ಟುಬಿಡುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಲ್ಲಿ 9 ವೋಲ್ಟಿನ ಅರ್ಧ, ಅಂದರೆ 4.5ರ ಆಸುಪಾಸು ಇದ್ದಾಗ ಸ್ವರ ತುಂಬಿ ಬರುತ್ತದೆ. ಸೋರಿಕೆ ಹೆಚ್ಚಾದರೆ ಆ ಬಿಂದು ಜರುಗಿ, ಪೆಡಲ್‌ಗೆ ಗಂಟಲು ಕಟ್ಟುತ್ತದೆ. ಲಂಡನ್ನಿನ ಹವೆಗೆ ಹೊಂದಿಸಿದ ಪೆಡಲ್ ಮುಂಬಯಿಯ ಮೇ ತಿಂಗಳಲ್ಲಿ, ಅದೂ ಸ್ಟೇಜಿನ ಲೈಟಿನ ಕೆಳಗೆ, ಇನ್ನೇನು ಮಾಡೀತು? ತೀರಾ ತೊಂದರೆ ಎನ್ನುವವರಿಗೆ 8.2 ಕಿಲೋಓಮಿನ ರೆಸಿಸ್ಟರಿನ ಜಾಗದಲ್ಲಿ ತಿರುಗಿಸಿ ಹೊಂದಿಸಬಹುದಾದ ಟ್ರಿಮ್ಮರ್ ಹಾಕಿಕೊಡುತ್ತೇನೆ. ಅಷ್ಟು ಸಾಕು.

ಕರೆಂಟಿನ ವಿಷಯದಲ್ಲೂ ಇದರದು ಉಲ್ಟಾ. ಜರ್ಮೇನಿಯಂ ಫಜ್ ಫೇಸಿನಲ್ಲಿ ಬ್ಯಾಟರಿಯ ಪ್ಲಸ್ಸೇ ಗ್ರೌಂಡು. ಮೈನಸ್ಸು ಗ್ರೌಂಡಾಗಿರುವ ಇಂದಿನ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರಿಗೆ ಸರಪಳಿ ಹಾಕಿದರೆ ಶಾರ್ಟ್ ಗ್ಯಾರಂಟಿ. ಇದು ಎಳೆಯುವ ಕರೆಂಟು ಅತ್ಯಲ್ಪ, ಅಗ್ಗದ 9 ವೋಲ್ಟಿನ ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ನುಡಿಸಿದ ಮೇಲೆ ಇನ್‌ಪುಟ್ಟಿನ ಕೇಬಲ್ ಕಿತ್ತಿಡಬೇಕು, ಅದೇ ಇದರ ಸ್ವಿಚ್ಚು.

ಈಗ ವಾ, ಅಂದರೆ ಕಾಲಿನಿಂದ ಹಿಂದೆ ಮುಂದೆ ಒತ್ತಿ ಗಿಟಾರಿನ ಸ್ವರದ ಬಣ್ಣ ಬದಲಿಸುವ ಪೆಡಲ್. ಅದು ಮಾಡುವುದು ನಾವು ಶಾಲೆಯಲ್ಲಿ ಕಲಿತ ಯಣ್ ಸಂಧಿಯನ್ನೇ. ಉಕಾರದ ಮುಂದೆ ಆಕಾರ ಬಂದರೆ ವಕಾರ: ಗುರು, ಆಜ್ಞೆ, ಗುರ್ವಾಜ್ಞೆ. ಪೆಡಲ್ ಹಿಮ್ಮಡಿಯಲ್ಲಿದ್ದಾಗ 'ಊ', ಮುಂಗಾಲಿಗೆ ಒತ್ತಿದರೆ 'ಆ', ನಡುವಿನ ಜಾರು 'ವಾ'. ಒಳಗಿನ ಇಂಡಕ್ಟರು (ತಂತಿಯ ಸುರುಳಿ) ಮತ್ತು ಕೆಪಾಸಿಟರು ಸೇರಿ ಒಂದು ಕಂಪನಾಂಕದ ಪಟ್ಟಿಯನ್ನು ಎತ್ತಿ ತೋರಿಸುತ್ತವೆ. ಕಾಲು ಆಡಿದ ಹಾಗೆ ಆ ಪಟ್ಟಿ ಸುಮಾರು 400 ಹರ್ಟ್ಸ್‌ನಿಂದ 2000ದ ಕಡೆಗೆ ಸರಿಯುತ್ತದೆ. ನಮ್ಮ ಬಾಯಿ ಸ್ವರಾಕ್ಷರಗಳನ್ನು ಬೇರೆಬೇರೆ ಮಾಡುವುದೂ ಹೆಚ್ಚುಕಡಿಮೆ ಇದೇ ಹರವಿನಲ್ಲಿ. ಗಿಟಾರು ಮಾತಾಡಿದಂತೆ ಕೇಳುವುದು ಅದಕ್ಕೇ.

ಎರಡನ್ನೂ ಜೋಡಿಸುವಾಗ ಜಗಳ ಶುರು. ಫಜ್ ಫೇಸಿಗೆ ಗಿಟಾರಿನ ಪಿಕಪ್ಪೇ, ಅಂದರೆ ತಂತಿಯ ಕಂಪನವನ್ನು ಕರೆಂಟಾಗಿಸುವ ಸುರುಳಿಯೇ, ನೇರ ಬೇಕು. ಹಾಗಿದ್ದಾಗ ಗಿಟಾರಿನ ವಾಲ್ಯೂಮ್ ತುಸು ಇಳಿಸಿದರೆ ಕರ್ಕಶವೆಲ್ಲ ಕರಗಿ ಗಾಜಿನಂಥ ಸ್ವರ ಬರುತ್ತದೆ. ಹಳೇ ಫಜ್ ಇಟ್ಟುಕೊಂಡೂ ಈ ಗುಬುಟು ಮುಟ್ಟದವರನ್ನು ಕಂಡರೆ ನನಗೆ ಹೊಟ್ಟೆಯುರಿ. ನಡುವೆ ವಾ ತಂದಿಟ್ಟರೆ ಫಜ್ ಅದನ್ನು ಹಿಂಡಿಬಿಡುತ್ತದೆ. ಕಾಲಾಡಿಸಿದರೂ ವಾ ಕೇಳಿಸದು, ಕೆಲವೊಮ್ಮೆ ಶಿಳ್ಳೆ ಬೇರೆ. ವಾ ಪೆಡಲಿನ ಔಟ್‌ಪುಟ್ಟಿಗೆ ಒಂದು ಸಣ್ಣ ಬಫರ್, ಅಂದರೆ ಒಂದರ ಹೊರೆ ಇನ್ನೊಂದಕ್ಕೆ ತಟ್ಟದಂತೆ ನಡುವೆ ನಿಲ್ಲುವ ಸರ್ಕ್ಯೂಟ್, ಕೂರಿಸಿದರೆ ಇಬ್ಬರಿಗೂ ರಾಜಿ. ಜಿಮಿ ಹೆಂಡ್ರಿಕ್ಸ್ ವಾವನ್ನು ಮೊದಲಿಟ್ಟು ನುಡಿಸಿದವರು, ನಿಜ. ನನ್ನ ಕಿವಿಗೆ ಮಾತ್ರ ಫಜ್ ಮೊದಲು, ವಾ ಆಮೇಲೆ. ಫಜ್ ಎಂದರೆ ತಂಬೂರಿಗೆ ಝೇಂಕಾರ ಕೊಡುವ ಜವಾರಿ ಇದ್ದಂತೆ, ಒಂದು ತಂತಿಯಿಂದ ಹತ್ತು ಉಪಸ್ವರ ಎಬ್ಬಿಸುತ್ತದೆ. ವಾಗೆ ಜಗಿಯಲು ಅಷ್ಟಾದರೂ ಬೇಡವೇ?

ಫಜ್ ಮತ್ತು ವಾ ಒಂದೇ ಪೆಟ್ಟಿಗೆಯಲ್ಲಿರುವ ಹಳೇ ಅಮೆರಿಕನ್ ಮಾರ್ಲಿ ಕಂಪನಿಯ ಪೆಡಲ್‌ಗಳೂ ಬರುತ್ತವೆ. ಉಕ್ಕಿನ ಟ್ರಂಕಿನಷ್ಟು ಭಾರ. ಅದರಲ್ಲಿ ಸವೆಯುವ ಪಾಟ್ ಇಲ್ಲ, ಒಳಗೊಂದು ಪುಟ್ಟ ಬಲ್ಬು ಉರಿಯುತ್ತದೆ, ಕಾಲಿನಡಿ ಆ ಬೆಳಕು ಹೆಚ್ಚುಕಡಿಮೆಯಾದಂತೆ ಸ್ವರ ತಿರುಗುತ್ತದೆ. ವಾ ಕೆಲಸ ಮಾಡದಿದ್ದರೆ ಮೊದಲು ಬಲ್ಬು ನೋಡಿ. ಅದಕ್ಕೂ ಮೊದಲು ಪ್ಲಗ್. ಈ ಹಳೆಯವು ನೇರ ಗೋಡೆಯ ಕರೆಂಟಿನವು, ಆದರೆ ಅಲ್ಲಿಯ 120 ವೋಲ್ಟಿನವು. ನಮ್ಮ 230ಕ್ಕೆ ಸಿಕ್ಕಿಸಿ, ಸುಟ್ಟ ವಾಸನೆಯ ಸಮೇತ ತಂದವರಿಗೆ ಟ್ರಾನ್ಸ್‌ಫಾರ್ಮರ್ ಮರುಸುತ್ತಿಸಿ ಕೊಟ್ಟಿದ್ದೇನೆ. ಹಳತನ್ನು ಮುಟ್ಟಬೇಡಿ ಎನ್ನುವ ನಾನೇ ಇಲ್ಲಿ ಎರಡು ಪಿನ್ನಿನ ವೈರು ಕಿತ್ತು ಅರ್ತ್ ಇರುವ ಮೂರು ಪಿನ್ನಿನದು, ಜೊತೆಗೊಂದು ಫ್ಯೂಸು ಹಾಕದೆ ಬಿಡುವುದಿಲ್ಲ. ಲೋಹದ ಪೆಟ್ಟಿಗೆ, ಅದರ ಮೇಲೆ ಮಳೆಯಲ್ಲಿ ನೆನೆದ ಬೂಟು.

ಉಳಿದ ಕಡೆ ನನ್ನ ಕೈ ಹಿಂದೆ. ಅದಕ್ಕೊಂದು ಕಾರಣವಿದೆ. ಹೊಸದರಲ್ಲಿ ಒಬ್ಬ ಆರ್ಕೆಸ್ಟ್ರಾ ಗಿಟಾರಿಸ್ಟರ ವಾ ಪೆಡಲಿನಲ್ಲಿ ಕರಕರ ಅನ್ನುತ್ತಿದ್ದ ಪಾಟ್ ಕಿತ್ತು, ಅದೇ 100 ಕಿಲೋಓಮಿನ ಹೊಸದು ಕೂರಿಸಿದೆ. ಅವರು ಒಂದು ನಿಮಿಷ ನುಡಿಸಿ, "ಇದು ನಂದಲ್ಲ ಮಾರಾಯ್ರೆ" ಅಂದರು. ಹಳೇ ಪಾಟಿನ ಏರಿಳಿತದ ರೀತಿಯೇ ಬೇರೆ, ಅಂಗಡಿಯ ಸಾಮಾನ್ಯ ಪಾಟಿನಲ್ಲಿ ಬದಲಾವಣೆಯೆಲ್ಲ ಒಂದು ತುದಿಗೆ ಹೋಗಿ ಕೂರುತ್ತದೆ. ಹಳೆಯದು ಆಗಲೇ ಕಸದ ಗಾಡಿ ಹತ್ತಿತ್ತು. ಅಂದಿನಿಂದ ಕಿತ್ತದ್ದು ಒಂದು ರೆಸಿಸ್ಟರಾದರೂ ಪೊಟ್ಟಣ ಕಟ್ಟಿ ಪೆಡಲ್ ಜೊತೆಗೇ ಕೊಡುತ್ತೇನೆ. ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮಾತ್ರ ಮೀಟರಿನಲ್ಲಿ ಸತ್ತಿದ್ದರೆ ಬದಲಿಸುತ್ತೇನೆ, ಇಲ್ಲದಿದ್ದರೆ ಅದೂ ಇಲ್ಲ.

ಜೂನ್ ಎರಡನೇ ವಾರ ಅದೇ ಹುಡುಗನ ಫೋನ್. "ಅಂಕಲ್, ಫಜ್ ಈಗ ಬೊಂಬಾಟ್. ಆದ್ರೆ ವಾ ಕರಕರ ಅಂತದೆ." ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಪಾಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಹನಿ, ಇಪ್ಪತ್ತು ಸಲ ಹಿಂದೆ ಮುಂದೆ ಆಡಿಸು, ಒಣಗಲು ಬಿಡು ಅಂದೆ. "ಬದಲಿಸೋದು ಬೇಡ್ವಾ?" ಅಂತ ಕೇಳಿದ. ಬೇಡ ಅಂದೆ.