ಹೊಳವಿನ ಲೆಕ್ಕ ಕಡಲ ಮೇಲೆ

ಆರಿದ್ರಾ ಮಳೆ ನಡುವೆ ಎರಡು ದಿನ ಮಳೆ ಬಿಟ್ಟು ಹೊಳವಾದರೆ ಸಾಕು, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ಆ ಹೊಳವಿನ ಮೂಲ ಹುಡುಕಬೇಕಾದದ್ದು ಆಗುಂಬೆಯಲ್ಲಲ್ಲ, ಅಲ್ಲಿನ ಸೂರ್ಯಾಸ್ತದ ಕಟ್ಟೆಯಿಂದ ಕಾಣುವ ಅರಬ್ಬಿ ಸಮುದ್ರದ ಮೇಲೆ. ತೇವದ ಪದರದ ಮೇಲೆ, ಮೂರು ಕಿ.ಮೀ. ಆಸುಪಾಸಿನಲ್ಲಿ ಒಣಗಾಳಿ ನುಗ್ಗಿದರೆ, ಏಳುವ ಮೋಡ ಅದರೊಂದಿಗೆ ಬೆರೆತು ಅರ್ಧಕ್ಕೇ ಬತ್ತುತ್ತದೆ. ತೆರೆದ ಕಡಲಲ್ಲಿ ದಿನಾ ಬಲೂನು ಹಾರಿಸುವವರಿಲ್ಲ. ಉಪಗ್ರಹಕ್ಕೆ ಮೋಡದ ನೆತ್ತಿ ಕಂಡಷ್ಟು ಚೆನ್ನಾಗಿ ಬುಡ ಕಾಣದು. ವಿಮಾನವೇ ಹೋಗಬೇಕು. 2016ರ ಮುಂಗಾರಿನಲ್ಲಿ ಇನ್‌ಕಂಪಾಸ್ ಎಂಬ ಭಾರತ-ಬ್ರಿಟನ್ ಮುಂಗಾರು ಅಧ್ಯಯನ ಯೋಜನೆಯಡಿ ಬ್ರಿಟನ್ನಿನ ಬಿಎಇ-146 ಸಂಶೋಧನಾ ವಿಮಾನ ಬೆಂಗಳೂರಿನಿಂದ ಘಟ್ಟ ದಾಟಿ ಹಾರಿದ್ದು ಇದಕ್ಕೇ.

ತೊಡಕೆಂದರೆ, ವಿಮಾನದ ವೇಗವೇ ಅಳತೆಯನ್ನು ಕೆಡಿಸುತ್ತದೆ. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಎದುರಿನ ಗಾಳಿ ತಾಪಮಾಪಕಕ್ಕೆ ಬಡಿದು ನಿಂತಾಗ ಸುಮಾರು 5 ಡಿಗ್ರಿ ಬಿಸಿಯಾಗುತ್ತದೆ. 200 ಮೀಟರಿನಲ್ಲಿ 20 ಡಿಗ್ರಿ. ವೇಗ ಗೊತ್ತಿದ್ದರೆ ಇದನ್ನು ಕಳೆಯಬಹುದು. ಆದರೆ ಮೋಡದೊಳಗೆ ಮಾಪಕ ಒದ್ದೆಯಾಗಿ, ನೀರು ಆರುವಾಗ ತಣ್ಣಗಾದರೆ ಎಷ್ಟು ಕೂಡಿಸಬೇಕೆಂಬುದಕ್ಕೆ ಗಟ್ಟಿ ಸೂತ್ರವಿಲ್ಲ. ಮೋಡದೊಳಗಿನ ತಾಪಮಾನವನ್ನು ಅನುಮಾನದಿಂದಲೇ ಓದಬೇಕು. ಹೊರಗಿನ ಗಾಳಿ ಕೊಳವೆಯಲ್ಲಿ ಉಪಕರಣ ತಲುಪಲು ಮೂರು ಸೆಕೆಂಡು ತಗಲಿದರೆ, ಅಷ್ಟರಲ್ಲಿ ವಿಮಾನ 300 ಮೀಟರ್ ಮುಂದಿರುತ್ತದೆ. ಕೊಳವೆ ಬಾಗಿದಲ್ಲೆಲ್ಲ ಕಡಲ ಗಾಳಿಯಲ್ಲಿನ ದಪ್ಪ ಉಪ್ಪಿನ ಕಣಗಳು ಗೋಡೆಗೆ ಅಂಟಿ ಲೆಕ್ಕದಿಂದ ತಪ್ಪಿಹೋಗುತ್ತವೆ.

ಪ್ಯಾರಾಚೂಟ್ ಕಟ್ಟಿ ಕೆಳಗೆ ಬಿಡುವ ಡ್ರಾಪ್‌ಸೋಂಡ್‌ಗೆ ಈ ವೇಗದ ಕಾಟವಿಲ್ಲ. ಸಮುದ್ರದ ಹತ್ತಿರ ಅದು ಸೆಕೆಂಡಿಗೆ ಹತ್ತು-ಹನ್ನೆರಡು ಮೀಟರಿನಂತೆ ಇಳಿಯುತ್ತ ಒತ್ತಡ, ತಾಪ, ತೇವಗಳನ್ನು ರೇಡಿಯೋದಲ್ಲಿ ಕಳಿಸುತ್ತದೆ. ಜಿಪಿಎಸ್ ತೋರಿಸುವ ಅದರ ತೇಲಾಟದಿಂದ ಗಾಳಿಯ ಲೆಕ್ಕ ಸಿಗುತ್ತದೆ. ಮೋಡದಲ್ಲಿ ನೆನೆದ ತೇವಮಾಪಕ ಮಾತ್ರ ಒಣಗಾಳಿಗೆ ಇಳಿದ ಮೇಲೂ ಕೊಂಚ ಹೊತ್ತು 100 ಪ್ರತಿಶತವನ್ನೇ ತೋರಿಸಬಹುದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ನಾಜೂಕಿನದು, ವಿಮಾನದಿಂದಲೇ ಗಾಳಿ ಅಳೆಯುವ ಕೆಲಸ. ನೆಲಕ್ಕೆ ಹೋಲಿಸಿದ ವೇಗದಿಂದ ಗಾಳಿಗೆ ಹೋಲಿಸಿದ ವೇಗವನ್ನು ಕಳೆಯಬೇಕು: ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸ. ಕರಾವಳಿಗುಂಟ ಉತ್ತರಕ್ಕೆ ಹಾರುವಾಗ ಮೂತಿ ಯಾವ ದಿಕ್ಕಿಗಿದೆ ಎಂಬ ಕೋನದ ಅಳತೆ ಒಂದೇ ಒಂದು ಡಿಗ್ರಿ ತಪ್ಪಿದರೂ, 100 ಮೀಟರ್ ವೇಗದಲ್ಲಿ, ಪಡುಗಾಳಿಯಲ್ಲಿ ಸೆಕೆಂಡಿಗೆ 1.7 ಮೀಟರ್ ದೋಷ. ಪಡುಗಾಳಿಯೇ 15 ಮೀಟರ್ ಇದ್ದರೆ, ಘಟ್ಟಕ್ಕೆ ಬರುವ ತೇವದ ಲೆಕ್ಕ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಾಳು. ಅದಕ್ಕೇ ಗಾಳಿ ಸಮವಾಗಿರುವ ಎತ್ತರದಲ್ಲಿ ಕೆಲ ನಿಮಿಷ ನೇರ ಹಾರಿ, ಪೂರ್ತಿ ತಿರುಗಿ, ಅದೇ ದಾರಿಯಲ್ಲಿ ಮರಳುತ್ತಾರೆ. ನಿಜವಾದ ಗಾಳಿ ಎರಡೂ ಸಲ ಒಂದೇ; ಕೋನದ ದೋಷ ಮಾತ್ರ ಮರಳುವಾಗ ತಿರುಗುಮುರುಗಾಗುತ್ತದೆ. ಎರಡರ ವ್ಯತ್ಯಾಸದ ಅರ್ಧ ತೆಗೆದರೆ ಆ ದೋಷ ಎಷ್ಟೆಂದು ಕೈಗೆ ಸಿಗುತ್ತದೆ.